ಕೆಳಗಿನ ಸಾಲು ಕಾಣುವುದಿಲ್ಲ

ಯಾವ ಕಾಗದ ಕೈಗೆ ಬಂದರೂ ಮೊದಲು ಅದರ ಬುಡ ನೋಡುವುದು ನನ್ನ ಚಟ. ಮದುವೆಯ ಕರೆಯೋಲೆ ಇರಲಿ, ಕರೆಂಟಿನ ಬಿಲ್ಲಿರಲಿ, ಡಾಕ್ಟರ ಚೀಟಿಯಿರಲಿ, ಕಣ್ಣು ನೇರ ಕೆಳಗಿನ ಅಂಚಿಗೆ ಹೋಗುತ್ತದೆ. ಮೇಲೆ ಬರೆದದ್ದು ಎಲ್ಲಿಗೂ ಓಡಿಹೋಗುವುದಿಲ್ಲ ನೋಡಿ. ಓಡುವುದೇನಿದ್ದರೂ ಕೆಳಗಿನ ಸಾಲು. ಕಳೆದ ವಾರ ಉಡುಪಿಯ ಅಂಗಡಿಯಲ್ಲಿ ಒಬ್ಬ ಹುಡುಗಿ ನನಗೆ ಹೊಸ ಫೋನ್ ತೋರಿಸುತ್ತಿದ್ದಳು. ಬಣ್ಣ ನೋಡಿ, ಕ್ಯಾಮರಾ ನೋಡಿ ಎಂದು ಅವಳು ಹೇಳುತ್ತಿದ್ದರೆ ನಾನು ಪರದೆಯ ತಳ ಮೂಲೆಯನ್ನು ಉಗುರಿನಿಂದ ಕೆರೆಯುತ್ತಿದ್ದೆ. "ಅಲ್ಲಿ ಎಂತ ಇಲ್ಲ ಆಂಟಿ" ಎಂದಳು. ಎಂತದೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲಿಕ್ಕೇ ನಾನು ನೋಡುವುದು ಎಂದು ಅವಳಿಗೆ ಹೇಗೆ ಹೇಳಲಿ?

ಈ ರೋಗ ನನಗೆ ಹಿಡಿದದ್ದು ಕಾರ್ಕಳದಲ್ಲಿ, ಏಳನೇ ಕ್ಲಾಸಿನ ಪರೀಕ್ಷೆಯ ದಿನ. ಆಗ ನಾನು ಅಜ್ಜಿಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದೆ. ಪ್ರಶ್ನೆಪತ್ರಿಕೆಯ ಎಲ್ಲ ಪ್ರಶ್ನೆಗೂ ಉತ್ತರ ಬರೆದು, ಇನ್ನೂ ಮುಕ್ಕಾಲು ಗಂಟೆ ಉಳಿದಿದೆಯಲ್ಲ ಎಂದು ಬೀಗಿ, ಪೆನ್ನಿನ ಮುಚ್ಚಳ ಹಾಕಿ ಕೂತಿದ್ದೆ. ಹೊರಗೆ ಬಂದ ಮೇಲೆ ಗೆಳತಿಯರು ನದಿಗಳ ಪ್ರಶ್ನೆಗೆ ಎಂತ ಬರೆದೆ ಎಂದು ಕೇಳಿದರು. ಯಾವ ನದಿ? ಪತ್ರಿಕೆಯ ಬುಡದಲ್ಲಿ ಸಣ್ಣ ಅಕ್ಷರದಲ್ಲಿ 'ಪುಟ ತಿರುಗಿಸಿ' ಎಂದಿತ್ತಂತೆ. ನಾನು ತಿರುಗಿಸಿರಲಿಲ್ಲ. ಅಜ್ಜಿಮನೆಯ ಜಗಲಿಯಲ್ಲಿ ಕೂತು ಅತ್ತದ್ದು ಅಷ್ಟಿಷ್ಟಲ್ಲ. ಹೇಗೋ ಪಾಸಾದೆ. ಆದರೆ ಅಂದಿನಿಂದ ಮುಗಿಯಿತು ಎಂದು ಯಾರಾದರೂ ಹೇಳಿದರೆ ನನಗೆ ನಂಬಿಕೆ ಬರುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಬೀಗ ಎಳೆದು ನೋಡಲು ವಾಪಸು ಬಂದದ್ದುಂಟು. ಬಸ್ ಹತ್ತಿದ ಮೇಲೂ ಇದು ಕಾಪುವಿಗೆ ಹೋಗುವುದು ಹೌದಲ್ಲವಾ ಎಂದು ಇಬ್ಬರನ್ನು ಕೇಳುತ್ತೇನೆ. ಒಬ್ಬರು ತಪ್ಪು ಹೇಳಬಹುದಲ್ಲ.

ಇಂಥ ಹೆದರುಪುಕ್ಕಲಿಗೆ ಕಂಪ್ಯೂಟರ್ ಕೆಲಸ ಸಿಕ್ಕಿತು. ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವವರ ಒಂದು ಸಣ್ಣ ಸಹಕಾರ ಸಂಘವಿತ್ತು. ಸಂಘ ಈಗ ಇಲ್ಲ, ಹೆಸರು ಬೇಡ. ನಾನಲ್ಲಿ ತಾತ್ಕಾಲಿಕ ಕಂಪ್ಯೂಟರ್ ಆಪರೇಟರ್. ತಾತ್ಕಾಲಿಕ ಎಂಬುದು ಆರು ವರ್ಷ ನಡೆಯಿತು. ಕಾಪುವಿನಿಂದ ಬೆಳಿಗ್ಗೆಯ ಬಸ್ಸಿಗೆ ಬಂದು, ಸಂಜೆಯ ಬಸ್ಸಿಗೆ ಹೋಗುವುದು. ಆಡಳಿತ ಮಂಡಳಿಯ ಸಭೆ ಇದ್ದ ದಿನ ಮನೆಯ ಮೆಟ್ಟಿಲು ಹತ್ತುವ ಮೊದಲೇ ಅಮ್ಮ ತುಳುವಿನಲ್ಲಿ ಒಂದೇ ಶಬ್ದ ಕೇಳುತ್ತಿದ್ದರು: "ಆಂಡಾ?" ಆಯ್ತಾ ಎಂದು. ಖಾಯಂ ಆಯ್ತಾ ಎಂಬುದು ಅದರ ಪೂರ್ತಿ ಅರ್ಥ. ನಾನು ಚಪ್ಪಲಿ ಬಿಡುತ್ತಾ ತಲೆ ಅಲ್ಲಾಡಿಸುತ್ತಿದ್ದೆ. ಅಮ್ಮ ಒಳಗೆ ಹೋಗಿ ಚಾ ಇಡುತ್ತಿದ್ದರು. ಮನೆಯಲ್ಲಿ ನಾವಿಬ್ಬರೇ, ದುಡಿಯುವವಳು ನಾನೊಬ್ಬಳೇ. 

ಎರಡು ಸಾವಿರದ ಆರೋ ಏಳೋ ಇಸವಿ. ಸಂಘಕ್ಕೆ ಹೊಸ ಕಂಪ್ಯೂಟರ್ ಬಂತು. ಬಂದ ಮೇಲೆ ಗೊತ್ತಾಯಿತು, ಸದಸ್ಯರ ಪಟ್ಟಿ ಇದ್ದ ನಮ್ಮ ಹಳೆಯ ಪ್ರೋಗ್ರಾಮು ಇದರಲ್ಲಿ ನಡೆಯುವುದಿಲ್ಲ. ಅದು ಹಳೆಯ ವಿಂಡೋಸ್ ಕಾಲದ್ದು. ಮಣಿಪಾಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪ್ರಶಾಂತ್ ಬಂದು ಒಂದು ಉಪಾಯ ಮಾಡಿದ. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಸುಳ್ಳು ಕಂಪ್ಯೂಟರ್ ಮಾಡಿ, ಅದರಲ್ಲಿ ಹಳೆಯ ವಿಂಡೋಸ್ ಹಾಕಿ, ಅದರೊಳಗೆ ನಮ್ಮ ಪ್ರೋಗ್ರಾಮನ್ನು ಕೂರಿಸಿದ. ವರ್ಚುವಲ್ ಮೆಷಿನ್ ಅಂತೆ. ಪರದೆಯ ಮೇಲೆ ಒಂದು ಚೌಕ, ಆ ಚೌಕದೊಳಗೆ ನನ್ನ ಹಳೆಯ ಕಂಪ್ಯೂಟರ್, ಹಳೆಯ ಗಡಿಯಾರ ಸಮೇತ. "ಒಳಗಿನದ್ದು ಗೆಸ್ಟ್, ಹೊರಗಿನದ್ದು ಹೋಸ್ಟ್. ಅಷ್ಟು ನೆನಪಿಟ್ಟರೆ ಸಾಕು ಮೇಡಂ" ಎಂದ. ಅಷ್ಟನ್ನೇ ನಾನು ನೆನಪಿಡಲಿಲ್ಲ.

ಪ್ರಶಾಂತ್ ನಮ್ಮ ಅಧ್ಯಕ್ಷರಾದ ಬೆನ್ನಿ ಮಾಸ್ಟ್ರ ಹಳೆಯ ವಿದ್ಯಾರ್ಥಿ. ಮಾಸ್ಟ್ರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಮನೆಯಲ್ಲಿ ಕೊಂಕಣಿ, ತೋಟದಲ್ಲಿ ತುಳು, ಆಫೀಸಿನಲ್ಲಿ ಅಲ್ಪಪ್ರಾಣ ಮಹಾಪ್ರಾಣ ಒಂದೂ ತಪ್ಪದ ಕನ್ನಡ. ಸಭೆಯ ನಡಾವಳಿ ಪುಸ್ತಕವನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ನಿರ್ಣಯಗಳನ್ನು ಮೊದಲೇ ಮನೆಯಲ್ಲಿ ಕೂತು ತಮ್ಮ ಗುಂಡು ಅಕ್ಷರದಲ್ಲಿ ಬರೆದು ತರುತ್ತಿದ್ದರು. ಹಾಂ, ಇದನ್ನು ಹೇಳಲೇಬೇಕು. ಬರೆಯುವಾಗ ಅದು 'ನಿರ್ಣಯ', ಬಾಯಲ್ಲಿ ಮಾತ್ರ ನಮ್ಮಲ್ಲಿ ಎಲ್ಲರಿಗೂ 'ರೆಸೊಲ್ಯೂಷನ್'. ರೆಸೊಲ್ಯೂಷನ್ ಪಾಸಾಯ್ತಾ, ರೆಸೊಲ್ಯೂಷನ್ ಬಿದ್ದುಹೋಯ್ತಾ ಎಂದೇ ಮಾತು. ಕನ್ನಡ ಮಾಸ್ಟ್ರೂ ಹಾಗೆಯೇ ಹೇಳುತ್ತಿದ್ದರು.

ಆ ಶನಿವಾರ ಮಧ್ಯಾಹ್ನ ಮೂರಕ್ಕೆ ಸಭೆ. ಆ ಮಂಡಳಿಯ ಅವಧಿಯಲ್ಲಿ ಅದೇ ಕೊನೆಯ ಸಭೆ. ನನ್ನನ್ನು ಖಾಯಂ ಮಾಡುವ ರೆಸೊಲ್ಯೂಷನ್ ಅದರಲ್ಲಿ ಬರುವುದಿತ್ತು. ಅಂದು ಬಾರದಿದ್ದರೆ ಹೊಸ ಮಂಡಳಿ, ಹೊಸ ಮುಖಗಳು, ಮತ್ತೆ ಮೊದಲಿನಿಂದ ಕೈಮುಗಿಯುವುದು. ಸಭೆಯ ಹೊತ್ತಿಗೆ ಸದಸ್ಯರ ಪೂರ್ತಿ ಪಟ್ಟಿ ಪ್ರಿಂಟ್ ಆಗಿ ಮೇಜಿನ ಮೇಲಿರಬೇಕು ಎಂದು ಮಾಸ್ಟ್ರು ಒಂದೇ ಒಂದು ಕೆಲಸ ಹೇಳಿದ್ದರು.

ಶುಕ್ರವಾರ ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ ಎರಡು ಸಲ ಕೀಂ ಎಂದು ಕಣ್ಣು ಮುಚ್ಚಿತು. ಕರೆಂಟು ಬಂದ ಮೇಲೆ ಹೊರಗಿನ ಕಂಪ್ಯೂಟರ್ ಚೆನ್ನಾಗಿಯೇ ಎದ್ದಿತು. ಒಳಗಿನದ್ದು ಏಳುವಾಗ ಏನೋ ಕೇಳಿತು, ನಾನು ಎಂಟರ್ ಒತ್ತಿದೆ. ಎದ್ದದ್ದು ನೋಡಿದರೆ, ಬಣ್ಣಗಳೆಲ್ಲ ಸತ್ತಿದ್ದವು. ಅಕ್ಷರಗಳು ಕುಂಬಳಕಾಯಿಯಷ್ಟು ದೊಡ್ಡ. ನಮ್ಮ ಪ್ರೋಗ್ರಾಮು ತೆರೆದರೆ ಅದು ಚೌಕದಲ್ಲಿ ಹಿಡಿಸುತ್ತಲೇ ಇಲ್ಲ, ಕೆಳಗಿನ ಸಾಲು ಪೂರ್ತಿ ಕತ್ತರಿಸಿ ಹೋಗಿದೆ. ಎಲ್ಲ ಗುಂಡಿಗಳೂ ಇದ್ದದ್ದು ಆ ಸಾಲಿನಲ್ಲೇ. ಒಂದೇ ಸಮಾಧಾನವೆಂದರೆ, ಪರದೆಯ ನಾಲ್ಕು ಮೂಲೆಯಲ್ಲೂ 'ಸೇಫ್ ಮೋಡ್' ಎಂದು ಬರೆದಿತ್ತು. ದೇವರು ದೊಡ್ಡವನು, ಎಲ್ಲ ಸೇಫ್ ಇದೆಯಂತೆ ಎಂದುಕೊಂಡೆ.

ಪ್ರಶಾಂತನಿಗೆ ಫೋನ್ ಮಾಡಿದೆ. ಅವನು ಕಾರ್ಕಳದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದ, ಸೋಮವಾರದವರೆಗೆ ಬರುವ ಹಾಗಿರಲಿಲ್ಲ.

"ಎಲ್ಲ ದೊಡ್ಡದಾಗಿ ಕಾಣ್ತದಾ? ಹಾಗಾದ್ರೆ ಸ್ಕ್ರೀನಿನ ರೆಸೊಲ್ಯೂಷನ್, ಅಂದ್ರೆ ಒಂದು ಸಲಕ್ಕೆ ಎಷ್ಟು ಹಿಡಿಸ್ತದೆ ಅನ್ನುವ ಲೆಕ್ಕ, ಕಮ್ಮಿ ಆಗಿದೆ ಮೇಡಂ. ಎಂತ ಇಲ್ಲ, ಡಿಸ್‌ಪ್ಲೇಗೆ ಹೋಗಿ ಎಳೆದು ಜಾಸ್ತಿ ಮಾಡಿ."

ಎಳೆದೆ. ಒಳಗಿನ ಚೌಕ ಇನ್ನೂ ಸಣ್ಣದಾಯಿತು. ಮತ್ತೆ ಎಳೆದೆ. ಅಂಚೆಚೀಟಿಯ ಹಾಗೆ ಮೂಲೆಯಲ್ಲಿ ಕೂತಿತು. ನಾನು ಎಳೆದದ್ದು ಹೊರಗಿನ ಕಂಪ್ಯೂಟರಿನದ್ದು. ಹೊರಗಿನದ್ದು ಹೆಚ್ಚಾದಷ್ಟೂ ಒಳಗಿನದ್ದು ಕುಗ್ಗುತ್ತದೆ ಎಂದು ನನಗೆ ಯಾರು ಹೇಳಬೇಕು?

"ಹೋಸ್ಟ್ ಮುಟ್ಬೇಡಿ ಮೇಡಂ! ಗೆಸ್ಟ್ ಒಳಗೆ ಬನ್ನಿ, ಗೆಸ್ಟ್!" ಎಂದು ಅವನು ಕಿರುಚಿದ್ದು ಫೋನಿನಿಂದ ಹೊರಗೂ ಕೇಳಿಸಿತು. ನಮ್ಮ ಅಟೆಂಡರ್ ಲೀಲಕ್ಕ ಪೊರಕೆ ಅಲ್ಲೇ ಬಿಟ್ಟು ಓಡಿ ಬಂದರು. "ಗೆಸ್ಟ್ ಬಂದ್ರಾ? ಎಷ್ಟು ಜನ? ಹಾಲು ಅರ್ಧ ಲೀಟರ್ ಮಾತ್ರ ಉಂಟು ಮಾರಾಯ್ತಿ."

ಗೆಸ್ಟಿನೊಳಗೆ ಹೋದೆ. ಅಲ್ಲಿ ಎಳೆಯುವ ಗೂಟ ಅಲ್ಲಾಡಲೇ ಇಲ್ಲ. ಪ್ರಶಾಂತನಿಗೂ ಅರ್ಥವಾಗಲಿಲ್ಲ. ಯೋಚನೆ ಮಾಡಿ ನಾಳೆ ಫೋನ್ ಮಾಡುತ್ತೇನೆ ಎಂದು ಇಟ್ಟುಬಿಟ್ಟ. ಮೂಲೆಯ ಬರಹದ ಸಂಗತಿ ನಾನು ಅವನಿಗೆ ಹೇಳಲಿಲ್ಲ. ಕೆಟ್ಟು ಹೋದದ್ದನ್ನು ಹೇಳಲಿಕ್ಕೆ ಫೋನ್ ಮಾಡಿದವಳು ನಾನು, ಸರಿಯಿದ್ದದ್ದನ್ನು ಯಾಕೆ ಹೇಳಲಿ?

ಮನೆಗೆ ಹೋದರೆ ಅಮ್ಮ ಬೂತಾಯಿ ಮೀನಿನ ಸಾರು ಮಾಡಿದ್ದರು. ನಾಳೆಯ ಖುಷಿಗೆ ಇವತ್ತೇ. ಊಟ ಸೇರಲಿಲ್ಲ.

ಶನಿವಾರ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು ಕುಳಿತೆ. ಒಂದು ದಾರಿ ಇತ್ತು. ಕಾಣದ ಗುಂಡಿಗೂ ಟ್ಯಾಬ್ ಕೀ ಒತ್ತುತ್ತಾ ಒತ್ತುತ್ತಾ ಹೋಗಿ ತಲುಪಬಹುದು, ಆಮೇಲೆ ಎಂಟರ್ ಒತ್ತಿದರೆ ಆಯಿತು. ಆ ಸಾಲಿನಲ್ಲಿ ಮೂರು ಗುಂಡಿ: ಸೇರಿಸು, ಮುದ್ರಿಸು, ಅಳಿಸು. ಅಥವಾ ಸೇರಿಸು, ಅಳಿಸು, ಮುದ್ರಿಸು? ಆರು ವರ್ಷ ದಿನಾ ಒತ್ತಿದ ಗುಂಡಿಗಳು, ಯಾವುದರ ಪಕ್ಕ ಯಾವುದು ಎಂದು ಸುತರಾಂ ನೆನಪಿಲ್ಲ. ಕೈಗೆ ಗೊತ್ತಿತ್ತೇ ಹೊರತು ತಲೆಗೆ ಗೊತ್ತಿರಲಿಲ್ಲ. ಪರದೆಯಲ್ಲಿ ಆಗ ಬಂದು ನಿಂತಿದ್ದದ್ದು ಒಂದನೇ ನಂಬರಿನ ಸದಸ್ಯರು. ಬೆನ್ನಿ ಮಾಸ್ಟ್ರು. ಟ್ಯಾಬ್ ಎರಡು ಸಲ ಒತ್ತಿ, ಬೆರಳನ್ನು ಎಂಟರ್ ಮೇಲಿಟ್ಟು ಕೂತೆ. ತಪ್ಪಿದರೆ ಅಧ್ಯಕ್ಷರು ಸಂಘದಿಂದಲೇ ಮಾಯ, ಅದೂ ನನ್ನ ಕೈಯಿಂದ, ಅದೂ ನನ್ನನ್ನು ಖಾಯಂ ಮಾಡುವ ದಿನ.  ಬೆರಳು ತೆಗೆದೆ.

ಹೀಗಾಗಿದೆ ಎಂದು ಮಾಸ್ಟ್ರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು ಅನಿಸಿತು. ಪ್ರಶಾಂತನ ಫೋನು ಬರಬೇಕಾದ್ದರಿಂದ ಲೈನ್ ಖಾಲಿ ಇರಲಿ ಎಂದು ಲೀಲಕ್ಕನನ್ನೇ ಅವರ ಮನೆಗೆ ಓಡಿಸಿದೆ. "ರೆಸೊಲ್ಯೂಷನ್ ಸರಿ ಇಲ್ಲ, ತುಂಬಾ ಸಣ್ಣ ಆಗಿದೆ, ಕೆಳಗಿನ ಸಾಲು ಕಾಣುವುದಿಲ್ಲ, ದೊಡ್ಡದು ಮಾಡದೆ ಇವತ್ತಿನ ಮೀಟಿಂಗ್ ಕಷ್ಟ ಅಂತ ಹೇಳಿ." ಲೀಲಕ್ಕ ಎರಡು ಸಲ ನನಗೇ ಒಪ್ಪಿಸಿ ಹೋದರು. ಅಲ್ಲಿ ಹೋಗಿ ಒಂದಕ್ಷರ ಬಿಡದೆ ಹೇಳಿದರಂತೆ. ಲೀಲಕ್ಕನ ತಪ್ಪಲ್ಲ. ಕಂಪ್ಯೂಟರ್ ಎಂಬ ಶಬ್ದವನ್ನು ನಾನೇ ಹೇಳಿರಲಿಲ್ಲ.

ಅರ್ಧ ಗಂಟೆಯಲ್ಲಿ ಮಾಸ್ಟ್ರು ಬಂದರು. ಕಂಕುಳಲ್ಲಿ ನಡಾವಳಿ ಪುಸ್ತಕ. ಯಾವತ್ತೂ ಇಸ್ತ್ರಿ ಕೆಡದ ಅಂಗಿಯ ಗುಂಡಿ ಒಂದು ಮೇಲೆ ಕೆಳಗೆ ಆಗಿತ್ತು.

"ನಿನಗೆ ಯಾರು ಹೇಳಿದ್ದು?" ಎಂದರು, ನಿಂತುಕೊಂಡೇ.

"ಪ್ರಶಾಂತ್ ಹೇಳಿದ ಮಾಸ್ಟ್ರೇ. ರೆಸೊಲ್ಯೂಷನ್ ಕಮ್ಮಿ ಆಗಿದೆ ಅಂತ."

"ಪ್ರಶಾಂತನಿಗೆ ಹೇಗೆ ಗೊತ್ತಾಯ್ತು? ಊರಿಗೆಲ್ಲ ಗೊತ್ತುಂಟಾ ಹಾಗಾದ್ರೆ?"

"ಕೇಳಿದ ಕೂಡಲೇ ಅವನಿಗೆ ಗೊತ್ತಾಗ್ತದೆ ಮಾಸ್ಟ್ರೇ. ಕೆಳಗಿನ ಸಾಲು ಕಾಣುವುದಿಲ್ಲ ಅಂದೆ ನಾನು, ಅಷ್ಟೇ."

ಮಾಸ್ಟ್ರು ಧೊಪ್ಪನೆ ಎದುರಿನ ಕುರ್ಚಿಯಲ್ಲಿ ಕೂತರು. "ಕಾಣುವುದು ಹೇಗೆ? ನಾನು ಬರೆದರೆ ತಾನೇ?" ಎಂದರು. ಪುಸ್ತಕ ಬಿಡಿಸಿ ನನ್ನ ಕಡೆ ತಿರುಗಿಸಿದರು. 'ಕುಮಾರಿ ಸುಮತಿ ಇವರನ್ನು ಈ ದಿನದಿಂದ ಖಾಯಂ ನೌಕರರಾಗಿ ನೇಮಿಸಿಕೊಳ್ಳಲು ನಿರ್ಣಯಿಸಲಾಯಿತು.' ಒಂದೇ ವಾಕ್ಯ. ನನಗೆ ಅದು ಬೇಕಾದಷ್ಟು ಚಂದ ಕಂಡಿತು.

"ಈ ದಿನದಿಂದ ಅಂದ್ರೆ ನೀನು ಹೊಸಬಳು ಅಂತ ಆಯ್ತು" ಎಂದು ಮಾಸ್ಟ್ರು ತಲೆ ತಗ್ಗಿಸಿ ಹೇಳುತ್ತಾ ಹೋದರು. "ಹೊಸದಾಗಿ ತೆಗೆದುಕೊಳ್ಳುವವರಿಗೆ ಮೂವತ್ತೈದು ದಾಟಿರಬಾರದು ಅಂತ ನಮ್ಮ ನಿಯಮ ಉಂಟು. ನಿನಗೆ ಮೂವತ್ತಾರು. ನಾಳೆ ಯಾರಾದರೂ ಬೆರಳು ತೋರಿಸಿದ್ರೆ ರೆಸೊಲ್ಯೂಷನ್ ಬಿದ್ದುಹೋಗ್ತದೆ. ಸೇರಿದ ದಿನದಿಂದ ಆರು ವರ್ಷದ ಸೇವೆಯನ್ನು ಪರಿಗಣಿಸಿ ಅಂತ ಕೆಳಗೆ ಒಂದು ಸಾಲು ಬೇಕಿತ್ತು. ಉಪಾಧ್ಯಕ್ಷರು ಬೇಡ ಅಂದ್ರು. ಈ ಕೆಲಸಕ್ಕೆ ಅವರ ಕಡೆಯ ಹುಡುಗಿ ಒಬ್ಬಳು ಇದ್ದಾಳೆ ಅಂತ ನನಗೆ ಗೊತ್ತಿತ್ತು. ಗಲಾಟೆ ಬೇಡ ಅಂತ ಬಿಟ್ಟೆ. ನೀನು ಕೇಳಿದ್ದು ಸರಿ ಮಾರಾಯ್ತಿ. ತುಂಬಾ ಸಣ್ಣ ಆಯ್ತು."

ನಾನು ಪರದೆಯ ಮಾತಾಡುತ್ತಿದ್ದೆ, ಅವರು ಪುಸ್ತಕದ ಮಾತಾಡುತ್ತಿದ್ದರು. ನನಗೆ ಅದು ಆಗ ಹೊಳೆಯಿತು.  ಅಲ್ಲ ಮಾಸ್ಟ್ರೇ, ನಾನು ಹೇಳಿದ್ದು ಕಂಪ್ಯೂಟರಿನ ವಿಷಯ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅವರು ಪುಸ್ತಕ ಮುಚ್ಚಿಕೊಂಡು ಹೋಗುತ್ತಾರೆ, ಒಂದೇ ವಾಕ್ಯ ಒಂದೇ ವಾಕ್ಯವಾಗಿಯೇ ಉಳಿಯುತ್ತದೆ. ಹೇಳದಿದ್ದರೆ ನಾನು ಕಳ್ಳಿ. ಬಾಯಿ ತೆರೆದದ್ದು ತೆರೆದೇ ಇತ್ತು. ಮಾಸ್ಟ್ರು ಎದ್ದು, "ಬರೆದು ತರ್ತೇನೆ" ಎಂದು ಹೊರಟುಹೋದರು. ನಾನು ಬಾಯಿ ಮುಚ್ಚಿದೆ.

ನೀವು ನನ್ನನ್ನು ಏನು ಬೇಕಾದರೂ ಅಂದುಕೊಳ್ಳಿ. ನಾನೂ ಅಂದುಕೊಂಡಿದ್ದೇನೆ.

ಹನ್ನೆರಡೂವರೆಗೆ ಪ್ರಶಾಂತನ ಫೋನು. ಏನೇನೋ ಕೇಳಿದ. ಎಲ್ಲಕ್ಕೂ ಇಲ್ಲ, ಇಲ್ಲ ಎಂದೆ. ಕೊನೆಗೆ, "ಸ್ಕ್ರೀನಿನ ಮೂಲೆಯಲ್ಲಿ ಎಂತಾದ್ರೂ ಬರೆದುಂಟಾ?" ಎಂದ.

"ಅದು ಸರಿ ಉಂಟು. ನಾಲ್ಕು ಮೂಲೆಯಲ್ಲೂ ಸೇಫ್ ಅಂತ ಉಂಟು."

 

"ಮೇಡಂ," ಎಂದ, ಅಳುವವನ ಹಾಗೆ. "ಅದನ್ನು ನಿನ್ನೆಯೇ ಹೇಳ್ಬಾರದಿತ್ತಾ? ಸೇಫ್ ಅಂದ್ರೆ ಸೇಫ್ ಅಲ್ಲ ಅದು. ಕರೆಂಟ್ ಹೋಗಿ ಗಡಿಬಿಡಿಯಲ್ಲಿ ಸತ್ತದ್ದಲ್ವಾ, ಹೆದರಿ ಅರ್ಧ ಮಾತ್ರ ಎದ್ದಿದೆ. ಅದಕ್ಕೆ ಬಣ್ಣ ಇಲ್ಲ, ರೆಸೊಲ್ಯೂಷನ್ ಏರುವುದಿಲ್ಲ. ಒಳಗಿನದ್ದನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಮತ್ತೆ ಎಬ್ಬಿಸಿ. ಕೇಳಿದ್ರೆ 'ನಾರ್ಮಲ್' ಅನ್ನಿ. ಹೊರಗಿನದ್ದು ಮುಟ್ಬೇಡಿ ಆಯ್ತಾ. ಹತ್ತು ನಿಮಿಷ ಬಿಟ್ಟು ನಾನೇ ಮಾಡ್ತೇನೆ."

ಹೆದರಿ ಅರ್ಧ ಎದ್ದದ್ದು! ಅದರ ಮೇಲೆ ನನಗೆ ಒಂದು ಬಗೆಯ ಮರುಕ ಹುಟ್ಟಿತು. ನಿಧಾನ ಮಲಗಿಸಿದೆ, ನಿಧಾನ ಎಬ್ಬಿಸಿದೆ. ಬಣ್ಣ ಬಂತು. ಅಕ್ಷರ ತನ್ನ ಅಳತೆಗೆ ಬಂತು. ಕೆಳಗಿನ ಸಾಲು ಪೂರ್ತಿ ಕಂಡಿತು: ಸೇರಿಸು, ಅಳಿಸು, ಮುದ್ರಿಸು. ಬೆಳಿಗ್ಗೆ ನನ್ನ ಬೆರಳು ಕೂತದ್ದು ನಡುವಿನದ್ದರ ಮೇಲೆ. 

ಪಟ್ಟಿ ಪ್ರಿಂಟಾಯಿತು. ಪ್ರಶಾಂತನ ಫೋನು ಮಾತ್ರ ಬರಲಿಲ್ಲ. ಸಭೆಗೆ ಕುರ್ಚಿ ಹಾಕುವಾಗ ನೋಡಿದರೆ ನಾನು ರಿಸೀವರನ್ನು ವಾರೆಯಾಗಿ ಇಟ್ಟಿದ್ದೆ. ಪಾಪ, ಎಷ್ಟು ಸಲ ಮಾಡಿದನೋ. ಅದನ್ನು ಯೋಚಿಸಲು ನನಗೆ ಆಗ ಪುರುಸೊತ್ತಿರಲಿಲ್ಲ.

ಮೂರಕ್ಕೆ ಎಲ್ಲರೂ ಬಂದರು. ನಾನು ಬಾಗಿಲ ಹತ್ತಿರ ಕೂತೆ. ನನ್ನ ವಿಷಯ ಕೊನೆಗೆ ಬಂತು. ಮಾಸ್ಟ್ರು ಎದ್ದು ನಿಂತು ಓದಿದರು.  ಈ ದಿನದಿಂದ ಎಂಬುದು ಹೋಗಿತ್ತು. ಸೇರಿದ ದಿನದಿಂದ ಸಲ್ಲಿಸಿದ ಆರು ವರ್ಷಗಳ ಸೇವೆಯನ್ನು ಪರಿಗಣಿಸಿ ಎಂಬ ಸಾಲು ಬಂದಿತ್ತು.

"ಇದು ಎಂತ ಮಾಸ್ಟ್ರೇ ಇಷ್ಟು ಉದ್ದ?" ಎಂದರು ಉಪಾಧ್ಯಕ್ಷರು. "ನಾವು ಮಾತಾಡಿದ್ದು ಒಂದು ಸಾಲು ಅಲ್ವಾ?"

"ಒಂದು ಸಾಲು ಸಾಕಾಗಲಿಲ್ಲ" ಎಂದರು ಮಾಸ್ಟ್ರು.

"ಆರು ವರ್ಷ ಹೇಗೆ ಲೆಕ್ಕಕ್ಕೆ ಬರ್ತದೆ? ತಾತ್ಕಾಲಿಕ ಅಲ್ವಾ ಅದು?"

  ನಾನು ಅಮ್ಮನಿಗೆ ಎಂತ ಹೇಳುವುದು ಎಂದು ಯೋಚಿಸತೊಡಗಿದ್ದೆ. ಆಗ ಮಂಡಳಿಯ ಹಿರಿಯ ಸದಸ್ಯೆ ಗಿರಿಜಕ್ಕ, ತೋಟದಿಂದ ನೇರ ಬಂದವರು, ಕೊಯ್ದ ಮೊಗ್ಗಿನ ಚೀಲವನ್ನು ಕಾಲ ಬುಡದಲ್ಲಿಟ್ಟುಕೊಂಡು ಹೇಳಿದರು: "ಹಾಗಾದ್ರೆ ಆರು ವರ್ಷ ಆ ಕುರ್ಚಿಯಲ್ಲಿ ಕೂತದ್ದು ಯಾರು? ನಾನಾ? ಪಾಸ್ ಮಾಡಿ ಮಾರಾಯ್ರೆ. ನನಗೆ ಹೂ ಕಟ್ಲಿಕ್ಕುಂಟು."

ಎಲ್ಲರೂ ನಕ್ಕರು. ಉಪಾಧ್ಯಕ್ಷರೂ ನಗಬೇಕಾಯಿತು. ರೆಸೊಲ್ಯೂಷನ್ ಪಾಸಾಯಿತು.

ಎಲ್ಲರೂ ಹೋದ ಮೇಲೆ ಮಾಸ್ಟ್ರು ನನ್ನ ಮೇಜಿನ ಹತ್ತಿರ ಬಂದರು. ನನಗೆ ಖುಷಿಪಡಲಿಕ್ಕೆ ಧೈರ್ಯ ಬಂದಿರಲಿಲ್ಲ. ಮೋಸ ಮಾಡಿ ಪಡೆದದ್ದು ಎಷ್ಟು ದಿನ ಉಳಿಯುತ್ತದೆ? ಹೇಳಿಬಿಡೋಣ, ಆದದ್ದಾಗಲಿ ಎಂದು ಎದ್ದು ನಿಂತೆ.

"ಮಾಸ್ಟ್ರೇ, ಬೆಳಿಗ್ಗೆ ನಾನು ಹೇಳಿದ್ದು..."

"ಸ್ಕ್ರೀನಿಂದು" ಎಂದರು ಮಾಸ್ಟ್ರು. "ಪ್ರಶಾಂತ ಎರಡು ಗಂಟೆಗೆ ಮನೆಗೆ ಫೋನ್ ಮಾಡಿದ್ದ. ಆಫೀಸಿನ ಫೋನ್ ಸಿಗ್ತಾ ಇಲ್ಲ, ಕಂಪ್ಯೂಟರಿನ ರೆಸೊಲ್ಯೂಷನ್ ಸರಿಯಾಯ್ತಾ ಕೇಳಿ ಸರ್ ಅಂದ."

ಎರಡು ಗಂಟೆಗೆ. ಸಭೆಗೆ ಇನ್ನೂ ಒಂದು ಗಂಟೆ ಇದ್ದಾಗ. 

"ಗೊತ್ತಾದ ಮೇಲೂ ಯಾಕೆ ಮಾಸ್ಟ್ರೇ...?"

 ಅಂಗಿಯ ತಪ್ಪು ಗುಂಡಿ ಅವರಿಗೆ ಆಗ ಗೊತ್ತಾಯಿತು. ಬಿಚ್ಚಿ ಸರಿಯಾಗಿ ಹಾಕಿಕೊಂಡರು.

"ಸೇರಿಸಿದ ಸಾಲನ್ನು ಹೊಡೆದುಹಾಕುವ ಅಂತ ಪೆನ್ನು ತೆಗೆದದ್ದು ಹೌದು" ಎಂದರು. "ಕೈ ಬರಲಿಲ್ಲ. ಮೊದಲು ಬಿಟ್ಟದ್ದು ಹೆದರಿ. ಹೊಡೆದುಹಾಕಿದ್ರೆ ಎರಡನೇ ಸಲ ಹೆದರಿದ ಹಾಗೆ ಆಗ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಹೆದರಬೇಡಿ ಅಂತ ಹೇಳಿದವ ನಾನು. ನಮ್ಮಲ್ಲಿ ಹೆದರುವುದು ನೀನೊಬ್ಬಳೇ ಅಂತ ಎಣಿಸಿದ್ದಿಯಾ?"

ಹಾಗೆಯೇ ಎಣಿಸಿದ್ದೆ. ಅಲ್ಲೇ, ಅವರೆದುರೇ, ಪಟ್ಟಿಯ ಮೇಲೆ ಕಣ್ಣೀರು ಬೀಳಬಾರದೆಂದು ಮುಖ ಆಚೆ ತಿರುಗಿಸಿ ಅತ್ತೆ.